ತುಮಕೂರಿನಿಂದ ರಜೆಗೆ ಹೊರಟರೆ: ಬಂಡೆಗಲ್ಲಿನ ಕಡಲೋ, ತುಂಬಿದ ಕೆರೆಯೋ?

ಯಾವ ಜಾಗ ಚೆಂದ ಅನ್ನುವುದು ಆಮೇಲಿನ ಮಾತು. ರಜೆ ಯಾವ ತಿಂಗಳಲ್ಲಿ ಸಿಗುತ್ತದೆ ಅಂತ ಮೊದಲು ನೋಡಿ, ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ದಸರಾ ರಜೆಯಾದರೆ ಕೆರೆ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಿಂದ ಜನವರಿವರೆಗೆ ಕುಣಿಗಲ್ ದೊಡ್ಡಕೆರೆ, ಮಾರ್ಕೋನಹಳ್ಳಿ, ಹಿರಿಯೂರಿನ ವಾಣಿವಿಲಾಸ ಸಾಗರ ಎಲ್ಲವೂ ನೋಡುವ ಹಾಗಿರುತ್ತವೆ. ಆದರೆ ಪ್ರತಿವರ್ಷ ತುಂಬುತ್ತವೆ ಅಂದುಕೊಳ್ಳಬೇಡಿ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟ ನೋಡಿಕೊಂಡೇ ಹೊರಡಿ. ಇದರ ಪೂರ್ಣ ಮಟ್ಟ 130 ಅಡಿ.

ಕ್ರಿಸ್‌ಮಸ್‌ನಿಂದ ಸಂಕ್ರಾಂತಿವರೆಗಿನ ರಜೆಯಾದರೆ ಕಣ್ಣುಮುಚ್ಚಿ ಕಡಲು. ಗೋಕರ್ಣದ ಓಂ ಬೀಚ್, ಕಾಪು, ಉಳ್ಳಾಲದ ಸೋಮೇಶ್ವರ, ಮೂರೂ ಕಡೆ ಬಂಡೆಗಳಿವೆ, ಮೂರಕ್ಕೂ ಆಗಲೇ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಕಡಲಲ್ಲೇ ಬದುಕುವವರು ದೋಣಿ ಎಳೆದಿಟ್ಟಿರುವಾಗ ಬಯಲುಸೀಮೆಯವರಿಗೆ ಅಲ್ಲೇನು ಕೆಲಸ? ಬೇಸಿಗೆ ರಜೆಯದ್ದು ಮಾತ್ರ ಕಷ್ಟ. ನಮ್ಮ ಕೆರೆಗಳಲ್ಲಿ ಹೂಳು ಕಾಣುತ್ತಿರುತ್ತದೆ, ಕರಾವಳಿಯಲ್ಲಿ ಬೆವರು ಆರುವುದಿಲ್ಲ. ಆಗ ಸುಮಾರು 200 ಕಿ.ಮೀ. ದೂರದ ಲಕ್ಕವಳ್ಳಿಯ ಭದ್ರಾ ಹಿನ್ನೀರು ವಾಸಿ. ನೀರು ಇಳಿದು ಎದ್ದ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುವುದೂ ಅದೇ ಹೊತ್ತಿಗೆ.

ದಾರಿಯ ಲೆಕ್ಕವೂ ಇದೆ. ತುಮಕೂರಿನಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಸುಮಾರು 315 ಕಿ.ಮೀ., ನಡುವೆ ಚಾರ್ಮಾಡಿ ಘಾಟಿ. ಗೋಕರ್ಣ 400 ದಾಟುತ್ತದೆ. ಹೋಗಿಬರುವುದಕ್ಕೇ ಎರಡು ದಿನ ಕೊಟ್ಟು, ಅಲ್ಲಿ ಕನಿಷ್ಠ ಎರಡು ರಾತ್ರಿ ಇರಲಾಗದಿದ್ದರೆ ಕಡಲಿನ ಆಸೆ ಬಿಡಿ. ಘಾಟಿಯನ್ನು ಬೆಳಕಿದ್ದಾಗಲೇ ಇಳಿಯಿರಿ. ವಾಂತಿ ಮಾಡುವ ಮಕ್ಕಳನ್ನು ಮುಂದಿನ ಸೀಟಿನ ಹತ್ತಿರ ಕೂರಿಸಿ, ಹೊಟ್ಟೆ ತುಂಬ ತಿನ್ನಿಸದೆ ಎರಡು ಇಡ್ಲಿಗೆ ನಿಲ್ಲಿಸಿ. ಮಾರ್ಕೋನಹಳ್ಳಿಯಾದರೋ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರಬಹುದು.

ಮಂಡಿನೋವಿನ ಹಿರಿಯರಿದ್ದರೆ ಓಂ ಬೀಚ್ ಬೇಡ: ಮೆಟ್ಟಿಲು ಇಳಿಯಬೇಕು, ಮರಳಲ್ಲಿ ಕಾಲು ಹೂಳುತ್ತದೆ, ಪಕ್ಕದ ಹಾಫ್ ಮೂನ್‌ಗೆ ಹೋಗುವುದು ಗುಡ್ಡದ ಕಾಲುದಾರಿ. ಅವರಿಗೆ ಕೆರೆ ಏರಿಯ ಮೇಲಿನ ನಡಿಗೆಯೇ ಹಿತ.

ಕಡಲು ಅಂತ ನಿರ್ಧಾರವಾದರೆ ನೀರಿಗೆ ಇಳಿಯುವ ಮುನ್ನ ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿ. ಎರಡೂ ಬದಿ ಅಲೆ ಒಡೆದು ನೊರೆ ಬರುತ್ತಿರುತ್ತದೆ; ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆಯೇ ಇಲ್ಲ, ನೀರು ಮರಳು ಕಲಸಿ ಕಂದಾಗಿದೆ, ನೊರೆ ದಡಕ್ಕೆ ಬರುವ ಬದಲು ಒಳಕ್ಕೆ ಹೋಗುತ್ತಿದೆ. ಅದೇ ಸೆಳೆತ. ಈಜು ಬಾರದವರು ಶಾಂತವಾಗಿದೆ ಎಂದು ಆರಿಸಿಕೊಳ್ಳುವುದು ಸರಿಯಾಗಿ ಅದೇ ಜಾಗವನ್ನು. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ, ಆಗದಿದ್ದರೆ ತೇಲುತ್ತಾ ಕೈ ಎತ್ತಿ. ಕೆಂಪು ಬಾವುಟ ಇದ್ದರೆ ಪಾದವನ್ನೂ ಇಡಬೇಡಿ.

ಬಂಡೆ ಹತ್ತುವವರಿಗೆ ಪಂಚಾಂಗವೇ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಜೋರು, ಅಷ್ಟಮಿಯ ಹೊತ್ತಿಗೆ ಕಡಿಮೆ. ದಿನಕ್ಕೆ ಎರಡು ಸಲ ಉಬ್ಬರ, ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಳಿತದಲ್ಲಿ ದಾಟಿಹೋದ ಕಲ್ಲುಗಳು ಮೂರು ಗಂಟೆ ಬಿಟ್ಟು ನೋಡಿದರೆ ನೀರಲ್ಲಿರುತ್ತವೆ. ಕಪ್ಪು, ಹಸಿರು ಬಣ್ಣದ ಒದ್ದೆ ಕಲ್ಲೆಲ್ಲ ಪಾಚಿಯೇ. ಒಣಗಿದ ಗೆರೆಗಿಂತ ಮೇಲೆ ಕೂರಿ, ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವುದನ್ನು ಹಾಕಿ. ಏಪ್ರಿಲ್, ಮೇನಲ್ಲಿ ಗಾಳಿಯೇ ಇಲ್ಲದೆ ದೂರದ ದಕ್ಷಿಣ ಸಾಗರದಿಂದ ದೊಡ್ಡ ಅಲೆಗಳು ಬರುವುದುಂಟು, ‘ಕಲ್ಲಕ್ಕಡಲ್’ ಅನ್ನುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮುನ್ನೆಚ್ಚರಿಕೆ ಕೊಡುತ್ತದೆ, ಹಿಂದಿನ ರಾತ್ರಿ ನೋಡಿಕೊಳ್ಳಿ.

ಕೆರೆ ಶಾಂತವಾಗಿದೆ ಅಂತ ಮೈಮರೆಯುವುದೇ ದೊಡ್ಡ ತಪ್ಪು. ಮಣ್ಣು ತೆಗೆದ ಗುಂಡಿಗಳು ತುಂಬಿದ ಮೇಲೆ ಕಾಣುವುದಿಲ್ಲ. ಮೊಣಕಾಲಿನಷ್ಟು ನೀರಿನ ಮುಂದಿನ ಹೆಜ್ಜೆಯಲ್ಲೇ ಆಳ ಎರಡಾಳು ಇರಬಹುದು. ತೂಬಿನ ಹತ್ತಿರ ಸುಳಿ, ಅಂಚಿನಲ್ಲಿ ಕಾಲು ಬಿಡದ ಹೂಳು. ಮಾರ್ಕೋನಹಳ್ಳಿಯಲ್ಲಿ ಇನ್ನೊಂದು ಅಪಾಯ: ಅಲ್ಲಿನದು ಸ್ವಯಂಚಾಲಿತ ಸೈಫನ್. ಗೇಟು ಎತ್ತುವವರು ಬೇಕಿಲ್ಲ. ನೀರು ಮಟ್ಟ ಮುಟ್ಟಿದರೆ ತಾನಾಗಿಯೇ ಹೊರಡುತ್ತದೆ, ಕೆಳಗಿನ ಕಲ್ಲುಗಳ ಮೇಲೆ ನಿಂತವರಿಗೆ ಓಡಲೂ ಪುರುಸೊತ್ತು ಸಿಗುವುದಿಲ್ಲ. ಜಲಾಶಯ ತುಂಬಿದ್ದಾಗ ಸೈಫನ್ ಕೆಳಗೆ ಆಟ, ಫೋಟೊ ಎರಡೂ ಬೇಡ. ತೆಪ್ಪ ಏರುವುದಿದ್ದರೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಗಾಳಿ ಏಳುತ್ತದೆ. ಲೈಫ್ ಜಾಕೆಟ್ ಕೊಡದ ತೆಪ್ಪ ಏರಬೇಡಿ.

ಚೀಲಕ್ಕೆ: ಕಡಲಿಗಾದರೆ ತಲೆಗೆ ಮೂರು ಜೊತೆ ಹತ್ತಿ ಬಟ್ಟೆ, ಓಆರ್‌ಎಸ್ ಪೊಟ್ಟಣ, ಬೆಳ್ಳುಳ್ಳಿ ಚಟ್ನಿಪುಡಿ (ಕುಚಲಕ್ಕಿ ಅನ್ನ ಎಲ್ಲರಿಗೂ ಹಿಡಿಸುವುದಿಲ್ಲ). ಅಲ್ಲಿ ಎಳನೀರಿಗೆ ದುಡ್ಡು ಕೊಡುವಾಗ ತಿಪಟೂರಿನವರಿಗೆ ಹೊಟ್ಟೆ ಉರಿಯುತ್ತದೆ, ಆದರೂ ಕುಡಿಯಿರಿ. ಕೆರೆಗಾದರೆ ಸೊಳ್ಳೆ ಮುಲಾಮು, ತುಂಬುತೋಳಿನ ಅಂಗಿ, ಕುಡಿಯುವ ನೀರು ತಲೆಗೆ ಮೂರು ಲೀಟರ್. ಕೆರೆ ದಂಡೆಯಲ್ಲಿ ಅಂಗಡಿ ಇದ್ದೇ ಇರುತ್ತದೆ ಅಂತ ನಂಬಿ ಹೋಗಬೇಡಿ.