ಮಾರಿಕಣಿವೆಯ ದೋಣಿಗೆ ಹೊದಿಕೆ ಹೊಲಿದಾಗ

ದಾವಣಗೆರೆಯಲ್ಲಿ ನಮ್ಮದು ತಾಡಪಾಲು ಹೊಲಿಯುವ ಅಂಗಡಿ. ಲಾರಿಗೆ, ಟ್ರ್ಯಾಕ್ಟರ್ ಟ್ರೇಲರಿಗೆ, ಸುಗ್ಗಿಯಲ್ಲಿ ಮೆಕ್ಕೆಜೋಳದ ರಾಶಿಗೆ ಹೊಲಿದು ಅಭ್ಯಾಸ. ದೋಣಿಯ ಕೆಲಸ ಬಂದದ್ದು 2022ರ ಕೊನೆಯಲ್ಲಿ. ಆ ವರ್ಷ ಹಿರಿಯೂರಿನ ವಾಣಿವಿಲಾಸ ಸಾಗರ, ಅಂದ್ರೆ ನಮ್ಮ ಮಾರಿಕಣಿವೆ, 1933ರ ನಂತರ ಮೊದಲ ಸಲ ಕೋಡಿ ಬಿದ್ದಿತ್ತು. ಆ ಕಡೆಯವರೊಬ್ಬರು ಹದಿನಾಲ್ಕು ಅಡಿಯ ಫೈಬರ್ ದೋಣಿ ತಗೊಂಡಿದ್ದರು. "ನೀರು ಒಳಗೆ ಇಳೀಬಾರದು ಅಣ್ಣಾ, ಅಷ್ಟೇ" ಅಂದರು.

ನೀರು ಇಳಿಯದ ಬಟ್ಟೆ ಅಂದ ಕೂಡಲೇ ನನ್ನ ಕೈ ಹೋದದ್ದು ಲಾರಿಗೆ ಹಾಕುವ ಪಿವಿಸಿ ಲೇಪದ ದಪ್ಪ ಬಟ್ಟೆಗೆ. ಅಳತೆ ತಗೊಂಡು, ಬಿಗಿಯಾಗಿ ಹೊಲಿದು ಕೊಟ್ಟೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅದು ವಾಪಸ್ ಬಂತು. ಮೇಲಿನಿಂದ ಒಂದು ಹನಿಯೂ ಇಳಿದಿರಲಿಲ್ಲ. ಆದರೆ ಒಳಗೆ ಸೀಟಿನ ಮೇಲೆಲ್ಲ ಬೂಷ್ಟು, ಮುಗ್ಗಲು ವಾಸನೆ. ದೋಣಿಯ ತಳದಲ್ಲಿ ಉಳಿದ ಸ್ವಲ್ಪ ನೀರು ಹಗಲು ಆವಿಯಾಗಿ, ರಾತ್ರಿ ಬಟ್ಟೆಯ ಒಳಮೈಗೆ ಹನಿಗಟ್ಟಿ, ಮತ್ತೆ ಕೆಳಗೆ ಬೀಳುತ್ತಿತ್ತು. ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಲಾರಿಗೆ ಈ ತೊಂದರೆ ಕಾಣುವುದಿಲ್ಲ, ಯಾಕಂದ್ರೆ ಎರಡು ದಿನಕ್ಕೆ ಲೋಡ್ ಇಳಿಸುತ್ತಾರೆ. ದೋಣಿ ತಿಂಗಳುಗಟ್ಟಲೆ ಮುಚ್ಚಿಕೊಂಡೇ ಇರುತ್ತದೆ.

ಇನ್ನೊಂದು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಬಟ್ಟೆ ಗಟ್ಟಿಯಾಗಿಯೇ ಇತ್ತು, ಹೊಲಿಗೆ ಬಿಟ್ಟುಕೊಂಡಿತ್ತು. ಉಗುರಿನಿಂದ ಎಳೆದರೆ ದಾರ ಪುಡಿಯಾಗುತ್ತಿತ್ತು. ನಾನು ಹಾಕಿದ್ದು ನೈಲಾನ್ ದಾರ. ನೈಲಾನ್ ಎಳೆದರೆ ಗಟ್ಟಿ, ಆದರೆ ಬಿಸಿಲಿಗೆ ಪಾಲಿಯೆಸ್ಟರಿನಷ್ಟು ತಡೆಯುವುದಿಲ್ಲ. ನಾವು ಬಟ್ಟೆಯ ದಪ್ಪ ನೋಡಿ ದುಡ್ಡು ಕೊಡುತ್ತೇವೆ. ಹೊದಿಕೆ ಮೊದಲು ಸಾಯುವುದು ದಾರದಲ್ಲಿ.

ಹಳೆಯದಕ್ಕೆ ಹೊಸ ದಾರ ಹಾಕಿ, ಗಾಳಿ ಆಡಲು ಎರಡು ಕಿಂಡಿ ಬಿಟ್ಟು, ಸದ್ಯಕ್ಕೆ ನಡೆಸಿ ಅಂತ ಕೊಟ್ಟೆ. ಆಮೇಲೆ ನಮ್ಮ ಮನೆಯ ತಾರಸಿಯ ಮೇಲೆ ಒಂದು ಹಲಗೆಗೆ ಐದು ಬಟ್ಟೆ ತುಂಡು ಹೊಡೆದೆ. ಒಂದು ಬೇಸಿಗೆ, ಒಂದು ಮಳೆಗಾಲ ಹಾಗೇ ಬಿಟ್ಟೆ.

ನೀಲಿ ಪ್ಲಾಸ್ಟಿಕ್ ತಾಡಪಾಲು ಮಳೆ ಬರುವ ಮೊದಲೇ ಎಳೆಎಳೆಯಾಗಿ ಉದುರಿತು. ರಾಶಿ ಮುಚ್ಚಲು ಅದು ಸಾಕು, ದೋಣಿಗೆ ಬೇಡ. ಹತ್ತಿಯ ಕ್ಯಾನ್ವಾಸ್ ಬಗ್ಗೆ ನನಗೆ ಬಹಳ ಆಸೆಯಿತ್ತು. ಹತ್ತಿ ಗಿರಣಿಗಳಿಂದ ಹೆಸರಾದ ಊರು ನಮ್ಮದು, ಅಪ್ಪ ಹೊಲಿಯುತ್ತಿದ್ದದ್ದೂ ಅದನ್ನೇ. ಅದರ ಗುಣ ದೊಡ್ಡದು. ಒದ್ದೆಯಾದಾಗ ಎಳೆ ಉಬ್ಬಿ ತೂತು ಮುಚ್ಚುತ್ತದೆ, ಒಣಗಿದಾಗ ಉಸಿರಾಡುತ್ತದೆ. ಆದರೆ ಸೋನೆ ಮಳೆ ಹಿಡಿದು ವಾರಗಟ್ಟಲೆ ಒಣಗದಿದ್ದಾಗ ಮಡಿಕೆಗಳು ಕಪ್ಪಾದವು. ಒಮ್ಮೆ ಬೂಷ್ಟು ಎಳೆಗೆ ಇಳಿದರೆ ಹತ್ತಿ ಕೊಳೆಯುತ್ತದೆ. ಪಿವಿಸಿ ಬಟ್ಟೆ ಇದ್ದ ಹಾಗೇ ಇತ್ತು, ಸ್ವಲ್ಪ ಬಿರುಸಾಗಿತ್ತು ಅಷ್ಟೇ. ತೆಳು ಲೇಪದ ಪಾಲಿಯೆಸ್ಟರ್ ಬಣ್ಣ ಬಿಟ್ಟರೂ ಬಲ ಬಿಟ್ಟಿರಲಿಲ್ಲ. ಕಡಿಮೆ ಖರ್ಚಿನಲ್ಲಿ ಮಾಡಬೇಕಾದರೆ ನಾನು ಇದನ್ನೇ ಹೇಳುತ್ತೇನೆ.

ಐದನೆಯದು ಬೆಂಗಳೂರಿನಿಂದ ತರಿಸಿದ ಅಕ್ರಿಲಿಕ್. ಅಂಗಡಿ ಮುಂದಿನ ನೆರಳು ಛಾವಣಿಗೆ ಹಾಕುವ ಬಟ್ಟೆ. ಇದರಲ್ಲಿ ಬಣ್ಣವನ್ನು ಎಳೆ ತೆಗೆಯುವ ಮೊದಲೇ ಪಾಕಕ್ಕೆ ಬೆರೆಸುತ್ತಾರೆ. ಅರಿಶಿನದ ಕೊಂಬನ್ನು ಎಲ್ಲಿ ಮುರಿದರೂ ಹಳದಿ ಇರುತ್ತದಲ್ವಾ, ಹಾಗೆ. ಬಣ್ಣ ಕದಲಲಿಲ್ಲ, ಬಟ್ಟೆ ಮೆತ್ತಗೇ ಇತ್ತು, ಆವಿ ಹೊರಗೆ ಬಿಡುತ್ತಿತ್ತು. ದುಬಾರಿ. ಜೊತೆಗೆ ಉಜ್ಜುವಿಕೆ ತಡೆಯುವುದಿಲ್ಲ. ಚೂಪು ಮೂಲೆಗೆ ತಿಕ್ಕಿದರೆ ಬೇಗ ಸವೆಯುತ್ತದೆ.

ಕೊನೆಗೆ ಮೈಯೆಲ್ಲ ಅಕ್ರಿಲಿಕ್ ಇಟ್ಟು, ಎಂಜಿನ್ನಿನ ಮೂಲೆ, ಹಗ್ಗ ಕಟ್ಟುವ ಗೂಟ, ದೋಣಿಯ ಅಂಚು, ಇಷ್ಟು ಕಡೆ ಒಳಗಿನಿಂದ ಪಿವಿಸಿ ತೇಪೆ ಕೊಟ್ಟೆ. ದಾರ ಬಿಸಿಲು ತಡೆಯುವ ಪಾಲಿಯೆಸ್ಟರಿನದು. ಎರಡು ಅಂಚನ್ನು ಒಂದರೊಳಗೊಂದು ಮಡಚಿ ಜೋಡಿ ಹೊಲಿಗೆ ಹಾಕಿದೆ. ಮಡಿಕೆಯ ಬಾಯಿ ಇಳಿಜಾರಿನ ಕಡೆಗಿರಬೇಕು, ಇಲ್ಲದಿದ್ದರೆ ಅಲ್ಲೇ ನೀರು ನಿಲ್ಲುತ್ತದೆ. ನಡುವೆ ಒಂದು ಪೈಪಿನ ಕಂಬ ಕೊಟ್ಟು ಬಟ್ಟೆಯನ್ನು ಗುಡಾರದ ಹಾಗೆ ಎತ್ತಿದೆ. ಒಂದು ಚದರ ಮೀಟರ್ ಜಾಗದಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ ಐವತ್ತು ಕಿಲೋ. ಎಂಥ ಬಟ್ಟೆಯೂ ಜೋತುಬೀಳುತ್ತದೆ.

ಇನ್ನು ಗಾಳಿ. ಚಿತ್ರದುರ್ಗದ ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಆಷಾಢದಲ್ಲಿ ಸಡಿಲ ಬಟ್ಟೆ ಹಗಲೂ ರಾತ್ರಿ ಪಟಪಟ ಬಡಿದುಕೊಂಡು ತನ್ನನ್ನೇ ಹರಿದುಕೊಳ್ಳುತ್ತದೆ. ಅದಕ್ಕೆ ಕೆಳ ಅಂಚಿನೊಳಗೆ ಸುತ್ತಲೂ ಹಗ್ಗ ಸೇರಿಸಿದೆ. ದೋಣಿಯ ಹೊಟ್ಟೆ ಕೆಳಗಿನಿಂದ ನಾಲ್ಕು ಪಟ್ಟಿ ಎಳೆದು ಬಿಗಿದೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿದ್ದಾಗ ದೋಣಿ ಈ ಹೊಸ ಹೊದಿಕೆಯ ಕೆಳಗಿತ್ತು. ಆ ವರ್ಷದ ಆಷಾಢ ಕಳೆದ ಮೇಲೆ ನಾನೇ ಹೋಗಿ ನೋಡಿದೆ. ಸೀಟು ಒಣಗಿತ್ತು, ವಾಸನೆ ಇರಲಿಲ್ಲ. ಉಗುರಿನಿಂದ ದಾರ ಎಳೆದೆ, ಬರಲಿಲ್ಲ. ಎಂಜಿನ್ನಿನ ಮೂಲೆಯ ತೇಪೆ ಮಾತ್ರ ಅರ್ಧ ಸವೆದಿತ್ತು. ಅದನ್ನು ಬಿಚ್ಚಿ ಬೇರೆ ಹಾಕಿ ಬಂದೆ.