ಮಳೆಯೋ ಮಗ್ಗಿಯೋ: ಗೊರಬಲು ಅಡಿಕೆಯಿಟ್ಟು ಪ್ರಜ್ಞೆಯ ಪ್ರಶ್ನೆಯನ್ನು ಪರೀಕ್ಷಿಸುವ ಬಗೆ

ಗಣನೆಯಿಂದ, ಅಂದರೆ ನಿಯಮದಂತೆ ಹೆಜ್ಜೆಹೆಜ್ಜೆಯಾಗಿ ನಡೆಯುವ ಲೆಕ್ಕದಿಂದ, ಪ್ರಜ್ಞೆ ಹುಟ್ಟಬಲ್ಲುದೇ, ಈ ಭೌತಜಗತ್ತೇ ಒಂದು ಗಣನೆಯಾಗಿರಬಹುದೇ ಎಂಬ ಚರ್ಚೆ, ಮಳೆಗಾಲದಲ್ಲಿ ಕರೆಂಟು ಹೋದ ಸಂಜೆ ನಮ್ಮ ತೀರ್ಥಹಳ್ಳಿ ಕಡೆಯ ಜಗಲಿಯಲ್ಲಿ ಶುರುವಾದರೆ, ಒಂದು ಲೋಟ ಕಷಾಯ ಮುಗಿಯುವುದರೊಳಗೆ ನಂಬಿಕೆಗಳ ಜಗಳವಾಗಿರುತ್ತದೆ. ಅದಕ್ಕೂ ಮೊದಲು ಒಂದು ಗಣನೆಯನ್ನು ಕೈಯಾರೆ ನಡೆಸಿ ನೋಡುವುದು ಒಳ್ಳೆಯದು.

ನೆಲದ ಮೇಲೆ ಸೀಮೆಸುಣ್ಣದಿಂದ, ಚೌಕಾಬಾರಕ್ಕೆ ಬರೆಯುವಂತೆ, ಹತ್ತು ಸಾಲುಗಳಲ್ಲಿ ಹತ್ತತ್ತು ಮನೆ ಬರೆದುಕೊಳ್ಳಿ. ಒಂದು ಹಿಡಿ ಅಡಿಕೆ ಸಾಕು. ‘ಸರಕು’ ಎಂಬ ಮೇಲ್ದರ್ಜೆಯ ಅಡಿಕೆಯನ್ನು ಆಟಕ್ಕೆ ತೆಗೆದರೆ ಬೈಗುಳ ಖಚಿತವಾದ್ದರಿಂದ, ಕೆಳದರ್ಜೆಯ ಗೊರಬಲೇ ಇರಲಿ. ನಿಯಮಗಳು ಗಣಿತಜ್ಞ ಜಾನ್ ಕಾನ್‌ವೇ ರೂಪಿಸಿದ, 1970ರಲ್ಲಿ ಪ್ರಕಟವಾದ ‘ಗೇಮ್ ಆಫ್ ಲೈಫ್’ನವು. ಪ್ರತಿ ಮನೆಗೂ ಸುತ್ತಲಿನ ಎಂಟು ಮನೆಗಳೇ ನೆರೆ. ಅಡಿಕೆಯಿರುವ ಮನೆಯ ನೆರೆಯಲ್ಲಿ ಎರಡೋ ಮೂರೋ ಅಡಿಕೆಯಿದ್ದರೆ ಅದು ಉಳಿಯುತ್ತದೆ, ಇಲ್ಲವಾದರೆ ಹೋಗುತ್ತದೆ. ಖಾಲಿ ಮನೆಯ ನೆರೆಯಲ್ಲಿ ಸರಿಯಾಗಿ ಮೂರಿದ್ದರೆ ಅಲ್ಲಿಗೆ ಹೊಸದೊಂದು ಬರುತ್ತದೆ.

ಮೇಲಿನ ಎಡಮೂಲೆಯ ಬಳಿ ಮೂರು ಸಾಲು, ಮೂರು ಕಂಬದ ಜಾಗ ಗುರುತಿಸಿ, ಮೊದಲ ಸಾಲಿನ ನಡುಮನೆಗೆ ಒಂದು, ಎರಡನೆಯ ಸಾಲಿನ ಬಲಮನೆಗೆ ಒಂದು, ಮೂರನೆಯ ಸಾಲಿನ ಮೂರೂ ಮನೆಗಳಿಗೆ ಒಂದೊಂದು ಅಡಿಕೆ ಇಡಿ. ಎಣಿಸುತ್ತಿರುವಾಗಲೇ ಅಡಿಕೆ ಎತ್ತುವುದು ಎಲ್ಲರೂ ಮಾಡುವ ತಪ್ಪು. ಹೋಗಬೇಕಾದುದರ ಪಕ್ಕ ಸುಣ್ಣದ ಗೀಟು ಹಾಕಿ, ಬರಬೇಕಾದಲ್ಲಿ ಹುಣಸೆಬೀಜವಿಟ್ಟು, ಇಡೀ ಎಣಿಕೆ ಮುಗಿದ ಮೇಲೆ ಒಟ್ಟಿಗೆ ಬದಲಿಸಿ. ಮೊದಲ ಹೆಜ್ಜೆಯಲ್ಲಿ ಎರಡು ಹೋಗಿ ಎರಡು ಬರಬೇಕು. ನಾಲ್ಕನೆಯ ಹೆಜ್ಜೆಗೆ ಅದೇ ಆಕಾರ ಒಂದು ಮನೆ ಕೆಳಕ್ಕೂ ಒಂದು ಮನೆ ಬಲಕ್ಕೂ ಸರಿದಿರುತ್ತದೆ. ಯಾವ ಅಡಿಕೆಯನ್ನೂ ನೀವು ತಳ್ಳಿಲ್ಲ, ಆದರೂ ಏನೋ ನಡೆದುಹೋಗಿದೆ. ಭೌತವಸ್ತುವೂ ಹೀಗೆಯೇ, ಕೆಳಗಿನ ಯಾವುದೋ ಲೆಕ್ಕದ ಮೇಲೆ ಸರಿದಾಡುವ ಆಕಾರವಿರಬಹುದು ಎನ್ನುವವರ ಮಾತಿನ ಬಲ ಇಲ್ಲಿ ಕಣ್ಣಿಗೆ ಕಾಣುತ್ತದೆ. ವಿಶ್ವವೇ ಇಂತಹ ಮನೆಗಳ ಗಣನೆಯಿರಬಹುದೆಂದು ಜರ್ಮನಿಯ ಕಂಪ್ಯೂಟರ್ ನಿರ್ಮಾತೃ ಕೊನ್ರಾಡ್ ತ್ಸೂಸೆ 1969ರಲ್ಲಿಯೇ ಬರೆದಿದ್ದರು.

ಈಗ ಮೂರನೆಯ ಸಾಲಿನ ಎಡತುದಿಯ ಅಡಿಕೆಯೊಂದನ್ನು ಬಿಟ್ಟು ಮತ್ತೆ ಆರಂಭಿಸಿ. ಎರಡೇ ಹೆಜ್ಜೆಗೆ ನಾಲ್ಕು ಅಡಿಕೆಯ ಚೌಕವಾಗಿ ಅದು ಕದಲದೆ ಕುಳಿತುಬಿಡುತ್ತದೆ. ಈ ಪರೀಕ್ಷೆಯನ್ನು ಬಿಡಬಾರದು. ಹೆಂಚಿನ ಮೇಲೆ ಬೀಳುವ ಹನಿಗಳೂ ಏನನ್ನೋ ಗಣಿಸುತ್ತಿವೆ ಎಂದು ಯಾರಾದರೂ ಹೇಳಬಹುದು, ತತ್ವಶಾಸ್ತ್ರಜ್ಞ ಹಿಲರಿ ಪಟ್ನಮ್ 1988ರಲ್ಲಿ ಇದಕ್ಕೆ ಹತ್ತಿರದ ವಾದವನ್ನೇ ಹೂಡಿದ್ದರು. ಆದರೆ ಆರಂಭ ಬೇರೆಯಾಗಿದ್ದರೆ ಫಲವೂ ನಿಯಮದಂತೆಯೇ ಬೇರೆಯಾಗುತ್ತಿತ್ತೇ ಎಂದು ಕೇಳಿದಾಗ, ಅಡಿಕೆಯ ಮಟ್ಟಿಗೆ ಉತ್ತರ ಸಿಗುತ್ತದೆ. ಹನಿಗಳ ಮಟ್ಟಿಗೆ, ಬಿದ್ದ ಮೇಲೆ ಅರ್ಥ ಹಚ್ಚಿದವರು ನಾವೇ.

ಕಷ್ಟದ ಭಾಗ ಇನ್ನು ಮುಂದಿನದು. ಮನೆಗಳು ಬೇಕಾದಷ್ಟಿದ್ದರೆ ಇದೇ ನಿಯಮಗಳಿಂದ ಪೂರ್ಣ ಕಂಪ್ಯೂಟರನ್ನೇ ಕಟ್ಟಬಹುದೆಂಬುದು ಸಿದ್ಧವಾದ ಸಂಗತಿ. ಆದ್ದರಿಂದ ಗಣನೆಯೊಂದೇ ಪ್ರಜ್ಞೆಗೆ ಸಾಕು ಎನ್ನುವವರು, ಅಡಿಕೆ ಹರಡಿದ ದೊಡ್ಡ ಅಂಗಳವೊಂದಕ್ಕೆ, ನಿಧಾನವಾಗಿಯಾದರೂ, ಹಲ್ಲುನೋವು ಬರಬಹುದೆಂದು ಒಪ್ಪಲೇಬೇಕು. ಒಪ್ಪದವರು, ಮಿದುಳಿನಲ್ಲಿದ್ದು ಅಂಗಳದಲ್ಲಿಲ್ಲದ್ದು ಯಾವುದೆಂದು ಹೇಳಬೇಕು.

ಇಲ್ಲಿ ಪ್ರಶ್ನೆಯನ್ನು ಹೀಗೆ ಸೀಳಿಕೊಳ್ಳಿ: ಪ್ರಜ್ಞೆ ಮಳೆಯಂಥದೋ, ಮಗ್ಗಿಯಂಥದೋ? ಆಗುಂಬೆಯ ಮಳೆಯನ್ನು ಕಂಪ್ಯೂಟರಿನಲ್ಲಿ ಎಷ್ಟೇ ನಿಖರವಾಗಿ ಅನುಕರಿಸಿದರೂ ಯಾರ ಕಂಬಳಿಯೂ ಒದ್ದೆಯಾಗದು. ಚಿಹ್ನೆಗಳನ್ನು ನಿಯಮದಂತೆ ಜೋಡಿಸಿದ ಮಾತ್ರಕ್ಕೆ ಅರ್ಥ ತಿಳಿದಂತಾಗದು ಎಂಬ ‘ಚೀನೀ ಕೋಣೆ’ಯ ವಾದವನ್ನು 1980ರಲ್ಲಿ ಹೂಡಿದ ತತ್ವಶಾಸ್ತ್ರಜ್ಞ ಜಾನ್ ಸರ್ಲ್ ಈ ಮಳೆಯ ಪಕ್ಷದವರು. ಮಗ್ಗಿ ಹಾಗಲ್ಲ. ಏಳೆಂಟಲ ಐವತ್ತಾರು ಎಂಬುದನ್ನು ಯಂತ್ರ ಮಾಡಿದರೂ ಅದು ಲೆಕ್ಕದ ಅನುಕರಣೆಯಲ್ಲ, ಲೆಕ್ಕವೇ. ನೆನಪು, ಎಣಿಕೆ, ಮಾತಿನ ಜೋಡಣೆ ಇವೆಲ್ಲ ಮಗ್ಗಿಯ ಕಡೆಗಿವೆ ಎಂದು ನನಗನ್ನಿಸುತ್ತದೆ. ನೋವಿನ ನೋವುತನವನ್ನು ಮಾತ್ರ ಆ ಕಡೆಗೆ ಹಾಕಲು ನನ್ನ ಕೈ ಬರುವುದಿಲ್ಲ.

ತ್ಸೂಸೆಯ ಪಕ್ಷದವರು ಜೊತೆಗಿದ್ದರೆ ಇನ್ನೊಂದು ಪ್ರಶ್ನೆ ಕೇಳಿ: ಇಲ್ಲಿ ಲೆಕ್ಕವನ್ನು ಹೊತ್ತಿರುವುದು ಗೊರಬಲು, ವಿಶ್ವದ ಲೆಕ್ಕವನ್ನು ಹೊತ್ತಿರುವ ಅಡಿಕೆ ಯಾವುದು? ಹೊರುವುದೇನೂ ಬೇಕಿಲ್ಲ ಎಂದು ಅವರು ಹೇಳಿದರೆ, ನೆಲದ ಮೇಲಿನ ಅಡಿಕೆಯನ್ನೆಲ್ಲ ಚೀಲಕ್ಕೆ ತುಂಬಿ, ಮುಂದಿನ ಹೆಜ್ಜೆ ಹಾಕಿ ತೋರಿಸಲು ಹೇಳಿ.