ಮಣಿಕಟ್ಟಿನ ಪ್ಲೇಟು ಮತ್ತು ಹೆಬ್ಬೆರಳಿನ ಸ್ನಾಯುರಜ್ಜು: ನನ್ನ ಅನುಭವ

ಮಣಿಕಟ್ಟಿನ ಬಳಿ ರೇಡಿಯಸ್ ಮೂಳೆ (ಮುಂಗೈಯಲ್ಲಿ ಹೆಬ್ಬೆರಳಿನ ಬದಿಗಿರುವ ಮೂಳೆ) ಮುರಿದಾಗ ಅಂಗೈ ಬದಿಯಿಂದ ಲಾಕಿಂಗ್ ಪ್ಲೇಟು, ಅಂದರೆ ಸ್ಕ್ರೂಗಳು ತನಗೇ ಬಿಗಿಯುವಂಥ ಲೋಹದ ಪಟ್ಟಿ, ಕೂರಿಸುವುದು ಇಂದು ಮೂಳೆ ಶಸ್ತ್ರಚಿಕಿತ್ಸಕರ ನಿತ್ಯದ ಕೆಲಸ. ಮೂಳೆ ಚೆನ್ನಾಗಿ ಕೂಡಿಕೊಂಡು ರೋಗಿಯೂ ವೈದ್ಯರೂ ನೆಮ್ಮದಿಯಾಗಿರುವಾಗ, ತಿಂಗಳುಗಳ ಅಥವಾ ವರ್ಷಗಳ ನಂತರ ಹೆಬ್ಬೆರಳಿನ ಸ್ನಾಯುರಜ್ಜು ಸವೆದು ತುಂಡಾಗಬಹುದು ಎಂಬುದೇ ಈ ಚಿಕಿತ್ಸೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಬಹಳ ಕಾಲ ಈ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ ನಾನು ಕಂಡುಕೊಂಡಂತೆ, ಪ್ಲೇಟನ್ನು ಎಲ್ಲಿ ಕೂರಿಸುತ್ತೇವೆ, ಸ್ಕ್ರೂವನ್ನು ಎಷ್ಟು ಉದ್ದ ಹಾಕುತ್ತೇವೆ ಎಂಬಲ್ಲಿಯೇ ಈ ಅಪಾಯದ ಬಹುಪಾಲು ನಿರ್ಧಾರವಾಗಿಬಿಡುತ್ತದೆ.

ರೇಡಿಯಸ್ ಮೂಳೆಯ ಅಂಗೈ ಬದಿಯ ಮೇಲ್ಮೈ ಸ್ವಲ್ಪ ಒಳಬಾಗಿದ್ದು, ಕೀಲು ಸಮೀಪಿಸುತ್ತಿದ್ದಂತೆ ಏರಿ ಒಂದು ದಿಣ್ಣೆಯಾಗುತ್ತದೆ. ಅದನ್ನು ವಾಟರ್‌ಶೆಡ್ ರೇಖೆ ಎನ್ನುತ್ತೇವೆ. ಆ ರೇಖೆಗಿಂತ ಮೊಣಕೈಯ ಕಡೆಗೆ ಪ್ರೊನೇಟರ್ ಕ್ವಾಡ್ರೇಟಸ್ ಎಂಬ ಸ್ನಾಯು ಪ್ಲೇಟಿನ ಮೇಲೆ ಹೊದಿಕೆಯಂತಿರುತ್ತದೆ. ರೇಖೆಯನ್ನು ದಾಟಿ ಬೆರಳುಗಳ ಕಡೆಗೆ ಪ್ಲೇಟು ಸರಿದರೆ ಹೆಬ್ಬೆರಳನ್ನು ಮಡಿಸುವ ಫ್ಲೆಕ್ಸರ್ ಪಾಲಿಸಿಸ್ ಲಾಂಗಸ್ ರಜ್ಜು ನೇರವಾಗಿ ಲೋಹದ ಅಂಚಿನ ಮೇಲೆಯೇ ಓಡಾಡಬೇಕಾಗುತ್ತದೆ. ಬಾವಿಕಟ್ಟೆಯ ಕಲ್ಲಿಗೆ ಉಜ್ಜುವ ಹಗ್ಗದ ಹಾಗೆ, ಅದು ಒಂದೊಂದೇ ಎಳೆಯಾಗಿ ಸವೆಯುತ್ತದೆ.

ಆದ್ದರಿಂದ ನಾನು ಮೊದಲು ತಂತಿಗಳಿಂದ ಪ್ಲೇಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಶಸ್ತ್ರಚಿಕಿತ್ಸೆಯ ನಡುವೆಯೇ ಎಕ್ಸ್-ರೇ ಚಿತ್ರ ತೋರಿಸುವ ಸಿ-ಆರ್ಮ್‌ನಲ್ಲಿ ಪಕ್ಕದ ನೋಟ ತೆಗೆದುಕೊಳ್ಳದೆ ಯಾವ ಸ್ಕ್ರೂವನ್ನೂ ಹಾಕುವುದಿಲ್ಲ. ಮೂಳೆಯ ದಂಡದ ಅಂಗೈ ಬದಿಗೆ ಸಮಾನಾಂತರವಾಗಿ, ಕೀಲಿನ ಅಂಗೈ ಬದಿಯ ತುದಿಯನ್ನು ಮುಟ್ಟುವಂತೆ ಒಂದು ಗೆರೆ ಎಳೆದರೆ ಪ್ಲೇಟು ಅದರ ಒಳಗೇ ಇರಬೇಕು. ಸೂಂಗ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ, ಪ್ಲೇಟು ಎಷ್ಟು ಹೊರಚಾಚಿದೆ ಎಂಬುದರ ವರ್ಗೀಕರಣದಲ್ಲಿ ಇದು ಸೊನ್ನೆಯ ದರ್ಜೆ. ಪ್ಲೇಟು ಗೆರೆಯನ್ನು ದಾಟಿದರೂ ಮೂಳೆಯ ಅಂಚಿನವರೆಗೆ ಹೋಗದಿದ್ದರೆ ಒಂದನೆಯ ದರ್ಜೆ, ಅಂಚನ್ನೇ ಏರಿದರೆ ಎರಡನೆಯ ದರ್ಜೆ. ಮೂಳೆಯನ್ನು ಸರಿಯಾಗಿ ಕೂರಿಸುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಕೀಲಿನ ಮೇಲ್ಮೈಗೆ ಸಹಜವಾಗಿ ಅಂಗೈ ಕಡೆಗೆ ಸುಮಾರು 11 ಡಿಗ್ರಿ ವಾಲು ಇರುತ್ತದೆ. ಮುರಿದ ಕೀಲಿನ ತುಣುಕು ಕೈಯ ಹಿಂಬದಿಗೆ ವಾಲಿಕೊಂಡೇ ಉಳಿದರೆ, ಪ್ಲೇಟನ್ನು ಎಷ್ಟೇ ಎಚ್ಚರದಿಂದ ಇಟ್ಟರೂ ಅದರ ತುದಿ ಮೂಳೆಯಿಂದ ಎದ್ದು ನಿಲ್ಲುತ್ತದೆ.

ಆದರೆ ಎಲ್ಲ ಮುರಿತಗಳೂ ಈ ನಿಯಮಕ್ಕೆ ಒಗ್ಗುವುದಿಲ್ಲ. ಮಣಿಕಟ್ಟಿನ ಸಣ್ಣ ಮೂಳೆಗಳಲ್ಲಿ ಒಂದಾದ ಲೂನೇಟ್‌ಗೆ ಆಸರೆಯಾಗಿರುವ ಅಂಚಿನ ಸಣ್ಣ ತುಣುಕು ಮುರಿದಿದ್ದರೆ ಅದನ್ನು ಹಿಡಿಯದೆ ಬಿಡುವಂತಿಲ್ಲ. ಬಿಟ್ಟರೆ ಇಡೀ ಮಣಿಕಟ್ಟೇ ಅಂಗೈ ಕಡೆಗೆ ಜಾರಬಹುದು. ಅಂಥ ಸಂದರ್ಭದಲ್ಲಿ ನಾನು ತಿಳಿದೇ ಪ್ಲೇಟನ್ನು ವಾಟರ್‌ಶೆಡ್ ರೇಖೆಯಾಚೆಗೆ ಇಡುತ್ತೇನೆ, ಮತ್ತು ಮೂಳೆ ಕೂಡಿದ ಕೂಡಲೇ ಅದನ್ನು ತೆಗೆಯಬೇಕಾಗುತ್ತದೆ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಗೆ ಹೇಳಿ, ದಾಖಲೆಯಲ್ಲಿಯೂ ಬರೆದಿಡುತ್ತೇನೆ. ಪ್ರೊನೇಟರ್ ಸ್ನಾಯುವನ್ನು ಸಾಧ್ಯವಾದಾಗಲೆಲ್ಲ ಮರಳಿ ಹೊಲಿಯುತ್ತೇನಾದರೂ, ತಪ್ಪು ಜಾಗದಲ್ಲಿರುವ ಪ್ಲೇಟಿನಿಂದ ಆ ತೆಳುವಾದ ಹೊದಿಕೆ ರಜ್ಜುವನ್ನು ಕಾಪಾಡುತ್ತದೆ ಎಂದು ನಾನು ನಂಬುವುದಿಲ್ಲ.

ಕೈಯ ಹಿಂಬದಿಯ ಅಪಾಯ ಬೇರೆ ಬಗೆಯದು. ಹೆಬ್ಬೆರಳನ್ನು ಮೇಲಕ್ಕೆತ್ತುವ ಎಕ್ಸ್‌ಟೆನ್ಸರ್ ಪಾಲಿಸಿಸ್ ಲಾಂಗಸ್ ರಜ್ಜು ರೇಡಿಯಸ್‌ನ ಹಿಂಬದಿಯ ಉಬ್ಬಾದ ಲಿಸ್ಟರ್ ಗುಬುಟಿನ ಪಕ್ಕದ ಕಿರಿದಾದ ಕಾಲುವೆಯಲ್ಲಿ ಸಾಗುತ್ತದೆ, ಅಲ್ಲಿ ಅದಕ್ಕೆ ರಕ್ತ ಪೂರೈಕೆಯೂ ಕಡಿಮೆ. ಪ್ಲೇಟೇ ಇಲ್ಲದೆ, ಮೂಳೆ ಕದಲದ ಮುರಿತಕ್ಕೆ ಬರೀ ಪ್ಲಾಸ್ಟರ್ ಹಾಕಿದಾಗಲೂ ಇದು ತುಂಡಾಗುವುದುಂಟು. ಹೀಗಿರುವಾಗ ಮೂಳೆಯನ್ನು ಕೊರೆದು ಆಚೆಗೆ ನುಗ್ಗುವ ಡ್ರಿಲ್ಲಾಗಲಿ, ಹೊರಚಾಚಿದ ಸ್ಕ್ರೂ ತುದಿಯಾಗಲಿ ಇದನ್ನು ಸುಲಭವಾಗಿ ಹಾಳುಮಾಡಬಲ್ಲವು. ಲಾಕಿಂಗ್ ಸ್ಕ್ರೂವಿನ ತಲೆ ಪ್ಲೇಟಿಗೇ ಬಿಗಿಯುವುದರಿಂದ ಅದು ಆಚೆಯ ಗೋಡೆಯನ್ನು ಕಚ್ಚಲೇಬೇಕೆಂದಿಲ್ಲ. ಹಾಗಾಗಿ ಕೀಲಿನ ಸಮೀಪದ ಸಾಲಿನಲ್ಲಿ ಅಳತೆಗಿಂತ 2 ಮಿಲಿಮೀಟರ್ ಚಿಕ್ಕ ಸ್ಕ್ರೂವನ್ನೇ ನಾನು ಆರಿಸುತ್ತೇನೆ. ಹಿಂಬದಿಯ ಮೇಲ್ಮೈ ಸಪಾಟಾಗಿಲ್ಲದ ಕಾರಣ, ಪಕ್ಕದ ನೋಟದಲ್ಲಿ ಗುಬುಟಿನ ನೆರಳು ಹೊರಬಂದ ತುದಿಯನ್ನು ಮರೆಮಾಡುತ್ತದೆ. ಅದಕ್ಕಾಗಿ ಮೊಣಕೈಯನ್ನು ಮಡಿಸಿ, ಮಣಿಕಟ್ಟನ್ನು ಪೂರ್ತಿ ಬಾಗಿಸಿ, ಕಿರಣವು ಮೂಳೆಯ ಹಿಂಬದಿಯನ್ನು ಸವರಿಕೊಂಡು ಹೋಗುವಂತೆ ಇನ್ನೊಂದು ಚಿತ್ರ ತೆಗೆಯುತ್ತೇನೆ. ಆ ಚಿತ್ರದಲ್ಲಿ ಉದ್ದವೆಂದು ಕಂಡ ಸ್ಕ್ರೂವನ್ನು ಗಾಯ ಹೊಲಿಯುವ ಮುನ್ನವೇ ಬದಲಾಯಿಸುತ್ತೇನೆ.

ಮರುಭೇಟಿಗೆ ಬಂದವರನ್ನು ನೋವಿದೆಯೇ ಎಂದಷ್ಟೇ ಕೇಳಿದರೆ ಸಾಲದು. ಹೆಬ್ಬೆರಳಿನ ತುದಿಯ ಗಿಣ್ಣನ್ನು ಮಡಿಸಲು ಹೇಳಿ, ಪ್ಲೇಟಿನ ಮೇಲೆ ನನ್ನ ಬೆರಳಿಟ್ಟು ಕರಕರ ಎನ್ನುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಹೆಬ್ಬೆರಳನ್ನು ಮಾತ್ರ ಎತ್ತಲು ಹೇಳುತ್ತೇನೆ. ಅನುಮಾನವಿದ್ದಾಗ ಅಲ್ಟ್ರಾಸೌಂಡ್ ಬಹಳ ನೆರವಾಗುತ್ತದೆ, ಏಕೆಂದರೆ ರಜ್ಜು ಲೋಹಕ್ಕೆ ತಾಗುತ್ತಿರುವುದನ್ನು ಬೆರಳು ಆಡುತ್ತಿರುವಾಗಲೇ ಅದರಲ್ಲಿ ನೋಡಬಹುದು. ಮೂಳೆ ಕೂಡಿದ್ದು, ಇಂಥ ಲಕ್ಷಣಗಳಿದ್ದರೆ ಪ್ಲೇಟು ತೆಗೆಯಲು ನಾನು ತಡಮಾಡುವುದಿಲ್ಲ. ಸಂಧಿವಾತವಿರುವವರಲ್ಲಿ ಮತ್ತು ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರಲ್ಲಿ ಇನ್ನೂ ಬೇಗ ನಿರ್ಧರಿಸುತ್ತೇನೆ.

ರಜ್ಜು ತುಂಡಾಗಿಯೇ ಬಂದವರಲ್ಲಿ ತುದಿಗಳು ಎಳೆಎಳೆಯಾಗಿ ಹಿಂಜಿಕೊಂಡಿರುವುದರಿಂದ ನೇರವಾಗಿ ಹೊಲಿಯುವುದು ಸಾಮಾನ್ಯವಾಗಿ ಆಗದ ಮಾತು. ಮಡಿಸುವ ರಜ್ಜುವಾದರೆ ಪ್ಲೇಟನ್ನು ತೆಗೆದು, ಸ್ನಾಯು ಇನ್ನೂ ಹಿಗ್ಗುವಂತಿದ್ದಲ್ಲಿ ಮುಂಗೈಯ ಪಾಲ್ಮಾರಿಸ್ ಲಾಂಗಸ್ ರಜ್ಜುವಿನ ತುಂಡನ್ನು ನಡುವೆ ಕಸಿ ಮಾಡುತ್ತೇನೆ. ಸ್ನಾಯು ಮುದುಡಿ ಬಿಗಿದಿದ್ದರೆ ಉಂಗುರ ಬೆರಳಿನ ಮೇಲ್ಪದರದ ರಜ್ಜುವನ್ನು ಹೆಬ್ಬೆರಳಿಗೆ ಜೋಡಿಸುತ್ತೇನೆ. ಎತ್ತುವ ರಜ್ಜುವಾದರೆ ತೋರುಬೆರಳಿಗಿರುವ ಎರಡು ರಜ್ಜುಗಳಲ್ಲಿ ಒಂದಾದ ಎಕ್ಸ್‌ಟೆನ್ಸರ್ ಇಂಡಿಸಿಸ್ ಅನ್ನು ವರ್ಗಾಯಿಸುತ್ತೇನೆ. ಈ ಕೊನೆಯದನ್ನು ಸ್ಥಳೀಯ ಅರಿವಳಿಕೆಯಲ್ಲಿ, ರೋಗಿ ಎಚ್ಚರವಾಗಿರುವಾಗಲೇ ಮಾಡುವುದು ನನಗೆ ಇಷ್ಟ: ಹೊಲಿಗೆಯನ್ನು ಅಂತಿಮಗೊಳಿಸುವ ಮೊದಲು ಹೆಬ್ಬೆರಳನ್ನು ಎತ್ತಿ ಮಡಿಸಲು ಹೇಳಿದರೆ, ಬಿಗಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಅಲ್ಲೇ ತಿಳಿಯುತ್ತದೆ, ಅಲ್ಲೇ ಸರಿಪಡಿಸಲೂ ಆಗುತ್ತದೆ.